ಸೌಂಡಿಲ್ಲದೆ ಸೀರಿಯಲ್ ನೋಡುತ್ತಿದ್ದವರು

ಚೆಕ್ಕರಮ್ಮ ಬಲಗೈ ಹೆಬ್ಬೆರಳಿನ ಉಗುರೊಂದನ್ನು ಮಾತ್ರ ಉದ್ದಕ್ಕೆ ಬಿಟ್ಟಿದ್ದರು. ಶರಟನ್ನು ಒಳಮಗ್ಗುಲಿಗೆ ತಿರುಗಿಸಿ, ಕಂಕುಳಿನಿಂದ ಅಂಚಿನವರೆಗೆ ಹೊಲಿಗೆಯ ಮೇಲೆ ಆ ಉಗುರನ್ನು ಎಳೆದರೆ ಸಾಕು, ದಾರ ಸಡಿಲವಾದ ಕಡೆ ತಡೆಯುತ್ತಿತ್ತು. ತಡೆದಲ್ಲಿ ಒಂದು ಕೆಂಪು ಬಾಣದ ಸ್ಟಿಕ್ಕರ್ ಅಂಟಿಸಿ ಹೊಲಿದವಳಿಗೆ ವಾಪಸ್ ಎಸೆಯುತ್ತಿದ್ದರು. ಕೈಗೆ ಸುಲಭವಾಗಿ ಸಿಗಲೆಂದು ಎಡ ಮುಂಗೈ ಮೇಲೆ ಬಾಣಗಳನ್ನು ಸಾಲಾಗಿ ಅಂಟಿಸಿಕೊಂಡಿರುತ್ತಿದ್ದರು. ಸಂಜೆ ಕಂಪನಿ ಬಸ್ಸು ಹತ್ತುವಾಗಲೂ ಒಂದೆರಡು ಅಲ್ಲೇ ಉಳಿದಿರುತ್ತಿದ್ದವು. "ಮನೇಲೂ ಚೆಕಿಂಗ್ ಮಾಡ್ತೀರಾ ಅಮ್ಮಾ?" ಎಂದು ನಾವು ರೇಗಿಸಿದರೆ, "ಅಲ್ಲಿಗೆ ಬಾಣ ಸಾಲಾಕಿಲ್ಲ ಕಣ್ರವ್ವ" ಎಂದು ನಗುತ್ತಿದ್ದರು. ನಾವೂ ನಗುತ್ತಿದ್ದೆವು.

ಹಾರೋಹಳ್ಳಿಯಲ್ಲಿ ಒಂದರ ಹಿಂದೆ ಒಂದು ಫ್ಯಾಕ್ಟರಿ ಏಳುತ್ತಿದ್ದ ಕಾಲ ಅದು. ಪಿಯುಸಿ ಫೇಲಾದ ನಾನು ಕನಕಪುರದ ಪಕ್ಕದ ನಮ್ಮ ಹಳ್ಳಿಯಿಂದ ಗಾರ್ಮೆಂಟ್ಸಿಗೆ ಸೇರಿ ಕಾಲರ್ ಹೊಲಿಯುತ್ತಿದ್ದೆ. ಅವರು ನಮ್ಮ ಲೈನಿನ ಕೊನೆಯಲ್ಲಿದ್ದ ಚೆಕಿಂಗ್ ಟೇಬಲ್ಲಿನವರು. ನನಗಿಂತ ಇಪ್ಪತ್ತು ವರ್ಷವಾದರೂ ದೊಡ್ಡವರು. ಹೆಸರು ಹಿಡಿದು ಕರೆಯುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಆ ವರ್ಷ ಟಿವಿಯಲ್ಲಿ ಒಂದು ದೆವ್ವದ ಸೀರಿಯಲ್ ಬರುತ್ತಿತ್ತು. ದೊಡ್ಡ ಮನೆ, ಹಿರಿಸೊಸೆ ಸತ್ತಿದ್ದಾಳೆ, ಅವಳ ತಂಗಿಯನ್ನೇ ಅದೇ ಗಂಡನಿಗೆ ತಂದುಕೊಂಡಿದ್ದಾರೆ. ತಂಗಿ ಕೋಣೆಗೆ ಕಾಲಿಟ್ಟರೆ ದೀಪ ಆರುತ್ತದೆ, ಗೆಜ್ಜೆ ಸದ್ದು ಕೇಳುತ್ತದೆ, ಬಿಳಿ ಸೀರೆಯವಳು ಬಾಗಿಲಲ್ಲಿ ನಿಲ್ಲುತ್ತಾಳೆ. ಮಾರನೆಯ ಬೆಳಿಗ್ಗೆ ಬಸ್ಸಿನಲ್ಲಿ ಕನಕಪುರದಿಂದ ಹಾರೋಹಳ್ಳಿವರೆಗೂ ಅದೇ ಪಂಚಾಯ್ತಿ. ಸತ್ತವಳಿಗೆ ಗಂಡನ ಮೇಲಿನ ಆಸೆ ತೀರಿಲ್ಲ, ಸವತಿಮತ್ಸರ, ಅದಕ್ಕೇ ತಂಗಿಯನ್ನು ಕಾಡುತ್ತಿದ್ದಾಳೆ ಎಂದು ಬಸ್ಸಿಗೆ ಬಸ್ಸೇ ತೀರ್ಮಾನ ಮಾಡಿತ್ತು.

ಒಪ್ಪದವರು ಚೆಕ್ಕರಮ್ಮ ಒಬ್ಬರೇ. "ಗಂಡ ಬೇಕಾಗಿದ್ರೆ ಗಂಡನ ತಾವ್ಕೆ ಹೋಗ್ತಿದ್ಲು. ಅವ್ನು ಒಬ್ನೇ ಮಲಗಿದ್ದಾಗ ಒಂದ್ ದಿನಾನಾದ್ರೂ ಬಂದವ್ಳಾ? ಅವ್ನು ತಂಗಿ ಹತ್ರ ಬಂದ್ರೆ ಮಾತ್ರ ಬತ್ತಾಳೆ. ಒಸಿ ಗ್ಯಾನ ಇಟ್ಟು ನೋಡ್ರವ್ವ." ಇನ್ನೊಂದು ದಿನ ಅತ್ತೆಯ ಪಾತ್ರವನ್ನು ಹಿಡಿದುಕೊಂಡರು. "ಆ ಅತ್ತೆ ಎಲ್ಲರ ಮುಖ ನೋಡ್ಕೊಂಡು ಮಾತಾಡ್ತಾಳೆ, ಮಗನ ಮುಖ ಮಾತ್ರ ನೋಡಾಕಿಲ್ಲ. ಅವಳಿಗೆ ಎಲ್ಲಾ ಗೊತ್ತೈತೆ ಕಣಮ್ಮಿ."

ಇಷ್ಟು ಸೂಕ್ಷ್ಮವಾಗಿ ಹೇಗೆ ನೋಡುತ್ತೀರಿ ಎಂದು ಕೇಳಿದ್ದಕ್ಕೆ, ತಾನು ನೋಡುವುದೇ ಸೌಂಡ್ ಇಲ್ಲದೆ ಎಂದರು. ಮನೆಯವರಿಗೆ ಸದ್ದು ಆಗುವುದಿಲ್ಲವಂತೆ. ಮಾತು ಕೇಳದಿದ್ದರೆ ಮುಖ ಚೆನ್ನಾಗಿ ಕಾಣುತ್ತದೆ ಎಂದು ಅದನ್ನೂ ಒಂದು ಅನುಕೂಲದ ಹಾಗೆಯೇ ಹೇಳಿದರು. ತಮ್ಮ ವಾದವನ್ನೆಲ್ಲ ನನ್ನ ಕೈಯಿಂದ ಬರೆಸಿ ಚಾನೆಲ್ಲಿಗೆ ಒಂದು ಕಾಗದವನ್ನೂ ಹಾಕಿಸಿದರು. ಎರಡು ತಿಂಗಳ ಮೇಲೆ ಉತ್ತರವಾಗಿ ಗಂಡನ ಪಾತ್ರದವನ ಫೋಟೋ ಬಂತು, ಕೆಳಗೆ ಸಹಿ. "ನಾನ್ ಕೇಳಿದ್ದೇನು, ಇವ್ರು ಕಳಿಸಿರೋದೇನು! ಇವನನ್ನ ಇಟ್ಕೊಂಡು ನಾನೇನ್ ಮಾಡ್ಲಿ?" ಎಂದು ಅದನ್ನು ಚೆಕಿಂಗ್ ಟೇಬಲ್ಲಿನ ಮೇಲಿಟ್ಟು ಮೂಗಿನ ಮೇಲೊಂದು ಬಾಣ ಅಂಟಿಸಿದರು.

ಈ ತಮಾಷೆಯೊಳಗೆ ನಾನು ನಗುತ್ತಿದ್ದುದು ಅರ್ಧ ಮಾತ್ರ. ನನ್ನ ಅಕ್ಕ ಸತ್ತು ಆಗ ಎಂಟು ತಿಂಗಳಾಗಿತ್ತು. ಅವಳನ್ನು ಅಕ್ಕೂರಿಗೆ ಕೊಟ್ಟಿದ್ದೆವು. ರೇಷ್ಮೆಹುಳುವಿಗೆ ಸೊಪ್ಪು ಕೊಯ್ಯಲು ಹೋದವಳು ತೋಟದ ಬಾವಿಗೆ ಬಿದ್ದಳು. ಕಾಲು ಜಾರಿತು ಎಂದು ಭಾವ ಹೇಳಿದ, ಎಲ್ಲರೂ ಹಾಗೇ ಅಂದರು. ಒಂದು ವರ್ಷದ ಹೆಣ್ಣುಮಗು ಉಳಿದಿತ್ತು. ಮಗುವಿಗಾಗಿ ಅಕ್ಕನ ಜಾಗಕ್ಕೆ ನನ್ನನ್ನು ಕೊಡಬೇಕೆಂದು ಆ ಮನೆಯವರು ಕೇಳಿದ್ದರು. ಅಪ್ಪ ಹೂಂ ಎಂದೂ ಅಂದಿರಲಿಲ್ಲ, ಊಹೂಂ ಎಂದೂ ಅಂದಿರಲಿಲ್ಲ.

ಆ ನಡುವೆ ಒಂದು ದಿನ ಮೆಷಿನ್ ಮುಂದೆಯೇ ತಲೆ ಸುತ್ತಿ ಬಿದ್ದೆ. ಬೆಳಿಗ್ಗೆ ತಿಂಡಿ ತಿಂದಿರಲಿಲ್ಲ, ಹಿಂದಿನ ವಾರವೆಲ್ಲ ಓಟಿ. ಎಚ್ಚರ ಬರುವಾಗ "ಅಕ್ಕಾ" ಎಂದು ಅತ್ತಿದ್ದೆನಂತೆ. ಅಷ್ಟು ಸಾಕಾಯಿತು. ಸೀರಿಯಲ್ ನೋಡಿ ನೋಡಿ ಹದವಾಗಿದ್ದ ಲೈನಿನವರೆಲ್ಲ, ಅಕ್ಕ ಮೈಮೇಲೆ ಬಂದಿದ್ದಳು ಎಂದರು. ನಮ್ಮೂರಿನಿಂದ ಬರುತ್ತಿದ್ದ ಒಬ್ಬಳು ಸಂಜೆಯೊಳಗೆ ಸುದ್ದಿಯನ್ನು ಮನೆಗೆ ಮುಟ್ಟಿಸಿದಳು. ಮನೆಯಲ್ಲಿ ಅದಕ್ಕೆ ಅರ್ಥ ಕಟ್ಟಿದ್ದು ಇನ್ನೊಂದು ಬಗೆಯಲ್ಲಿ. ಸತ್ತವಳೇ ಬಂದು ತಂಗಿಯನ್ನು ತನ್ನ ಮನೆಗೆ ಕರೆಯುತ್ತಿದ್ದಾಳೆ, ಇನ್ನು ತಡಮಾಡಿದರೆ ಅವಳಿಗೆ ಸಿಟ್ಟು ಬರುತ್ತದೆ ಎಂದು ಹಿರಿಯರು ಕೂತು ಹೇಳಿದರು. ನನ್ನ ಹಸಿವೆಯೇ ನನ್ನ ಒಪ್ಪಿಗೆಯಾಗಿಹೋಯಿತು. ಎರಡನೆಯ ಹೆಂಡತಿ ಸತ್ತವಳ ಹೆಸರಿನಲ್ಲಿ ತಾಳಿಯ ಜೊತೆ ಕಟ್ಟಿಕೊಳ್ಳುವ ಬೆಳ್ಳಿ ಬಿಲ್ಲೆ ಇರುತ್ತದಲ್ಲ, ಅದನ್ನು ಮಾಡಲು ಕನಕಪುರದ ಅಕ್ಕಸಾಲಿಗೆ ಹೇಳಿಯೂ ಬಂದರು.

ಮಾರನೆಯ ದಿನ ಬಸ್ಸಿನಲ್ಲಿ ಚೆಕ್ಕರಮ್ಮನ ಪಕ್ಕ ಕೂತೆ. ನೇರವಾಗಿ ಹೇಳಲು ನಾಚಿಕೆ. ಸೀರಿಯಲ್ಲಿನ ಮಾತಿನಂತೆಯೇ ಕೇಳಿದೆ. "ಅಲ್ಲಮ್ಮಾ, ಆ ಅಕ್ಕ ಬಾವಿಗೆ ಬಿದ್ದಳಲ್ಲ, ಅವಳಿಗೆ ತಂಗಿ ಆ ಮನೆಗೆ ಬರೋದು ಬೇಕಾಗಿತ್ತಾ, ಬೇಡವಾಗಿತ್ತಾ?"

ಅವರು ನನ್ನ ಕಡೆ ತಿರುಗಿದರು. "ಸೀರಿಯಲ್ಲಲ್ಲಿ ಅವ್ಳು ಬೆಂಕೀಲಿ ಸತ್ತಿರೋದು. ನೀನು ಯಾರ ಇಚಾರ ಮಾತಾಡ್ತಿದೀಯ ಮಗ?"

ಎಲ್ಲವನ್ನೂ ಹೇಳಿಬಿಟ್ಟೆ. ಕೇಳಿ ಮುಗಿದ ಮೇಲೆ ಅವರು ರವಿಕೆಯ ಒಳಗಿನಿಂದ ತಾಳಿ ಸರ ಎಳೆದು ತೋರಿಸಿದರು. ತಾಳಿಯ ಪಕ್ಕದಲ್ಲಿ ಸವೆದುಹೋದ ಒಂದು ಬೆಳ್ಳಿ ಬಿಲ್ಲೆ.

"ನಮ್ಮಕ್ಕ" ಎಂದರು. "ಹತ್ತೊಂಬತ್ತು ವರ್ಸ ಆಯ್ತು ಕಟ್ಕೊಂಡು. ಒಂದಿನಾನೂ ನಂಗೆ ಕಾಟ ಕೊಟ್ಟೋಳಲ್ಲ. ಕೊಟ್ಟಿದ್ದೆಲ್ಲ ಬದುಕಿರೋನೆ."

ಬಸ್ಸಿನ ತುಂಬ ಜನ ಸೀರಿಯಲ್ ಬಗ್ಗೆ ಗದ್ದಲ ಮಾಡುತ್ತಿದ್ದರು. ಅವರ ಮನೆಯಲ್ಲಿ ಟಿವಿಗೆ ಸದ್ದು ಏಕೆ ಇರಲಿಲ್ಲ ಎಂಬುದು ನನಗೆ ಆಗ ತಿಳಿಯಿತು.

ಭಾನುವಾರ ಅವರು ಒಂದು ಚಿಪ್ಪು ಬಾಳೆಹಣ್ಣು ಹಿಡಿದು ನಮ್ಮ ಮನೆಗೆ ಬಂದರು. ಅಪ್ಪನ ಎದುರಿಗೆ ನೆಲದ ಮೇಲೆ ಕೂತರು. ಭಾವನ ಬಗ್ಗೆ ಒಂದು ಕೆಟ್ಟ ಮಾತೂ ಆಡಲಿಲ್ಲ.

"ಯಜಮಾನ್ರೆ, ದೊಡ್ಡಮ್ಮಣ್ಣಿ ತವರಿಗೆ ಬಂದ್ರೆ ಎಷ್ಟು ದಿನ ಇರೋಳು?"

"ಎಲ್ಡು ದಿನ. ಅಳಿಯ ಬಂದು ಕರ್ಕೊಂಡ್ ಹೋಗ್ಬುಡೋನು. ಬುಟ್ಟಿರ್ತಿರ್ಲಿಲ್ಲ, ಅಷ್ಟು ಪ್ರೀತಿ" ಎಂದ ಅಪ್ಪ.

"ಹೊರಡೋವಾಗ ನಿಮ್ಮ ಮುಖ ನೋಡೋಳಾ?"

ಅಡುಗೆಮನೆಯ ಬಾಗಿಲಿನಿಂದ ಅವ್ವ ಮಾತಾಡಿದಳು. "ಹಬ್ಬಕ್ಕೆ ಬಂದಾಗ ಎಣ್ಣೆ ಹಚ್ತೀನಿ ಬಾ ಅಂದ್ರೆ ಬೆನ್ನು ತೋರಿಸ್ತಿರಲಿಲ್ಲ ಕಣವ್ವ. ಮದುವೆ ಆದ್ಮೇಲೆ ಒಂದ್ಸಲಾನೂ ತೋರಿಸ್ಲಿಲ್ಲ." ಅಷ್ಟು ಹೇಳಿ ಒಲೆಯ ಕಡೆ ತಿರುಗಿದಳು. ಅವ್ವನಿಗೆ ಗೊತ್ತಿತ್ತು. ಗೊತ್ತಿದ್ದೂ ನನ್ನನ್ನು ಕಳಿಸಲು ತಯಾರಾಗಿದ್ದಳು. ಅವಳನ್ನು ನಾನು ಇಂದಿಗೂ ಪೂರ್ತಿ ಕ್ಷಮಿಸಿಲ್ಲ.

ನಾಲ್ಕನೆಯ ದಿನ ಅಪ್ಪ ಈ ಸಂಬಂಧ ಬೇಡ ಎಂದು ಅಕ್ಕೂರಿಗೆ ಹೇಳಿಕಳಿಸಿದ. ಭಾವ ಬಂದು ಬೀದಿಯಲ್ಲಿ ನಿಂತು ಕೂಗಾಡಿದ, ಇನ್ನು ಮಗುವಿನ ಮುಖವನ್ನೂ ನೀವು ನೋಡಬೇಡಿ ಎಂದು ಹೇಳಿ ಹೋದ. ನಾವು ನೋಡಲಿಲ್ಲ. ಆರು ತಿಂಗಳೊಳಗೆ ಅವನು ಬೇರೆ ಕಡೆಯಿಂದ ಹೆಣ್ಣು ತಂದ.

ಚೆಕ್ಕರಮ್ಮ ನಮ್ಮ ಮನೆಗೆ ಬಂದು ಸಂಬಂಧ ತಪ್ಪಿಸಿದ ಸುದ್ದಿಯನ್ನೂ ನಮ್ಮೂರಿನವಳು ಬಸ್ಸಿಗೆ ತಂದಳು, ಬಸ್ಸಿನಿಂದ ಅದು ಚೆಕ್ಕರಮ್ಮನ ಗಂಡನ ಕಿವಿಗೂ ಬಿತ್ತು. ಒಂದು ಸಂಜೆ ಆತ ಫ್ಯಾಕ್ಟರಿ ಗೇಟಿಗೆ ಬಂದು, ಊರ ಹೆಣ್ಣುಗಳಿಗೆಲ್ಲ ಬುದ್ಧಿ ಹೇಳುವವಳು ಎಂದು ಬೈಯುತ್ತಾ ಅವರನ್ನು ಕೈಹಿಡಿದು ಎಳೆದುಕೊಂಡು ಹೋದ. ನಾವು ನಲವತ್ತು ಜನ ಬಸ್ಸಿನ ಕಿಟಕಿಗಳಲ್ಲಿ ಕೂತು ನೋಡಿದೆವು. ನಾನೂ ಇಳಿಯಲಿಲ್ಲ. ಅವರು ಮತ್ತೆ ಕೆಲಸಕ್ಕೆ ಬರಲಿಲ್ಲ. ಮಾಗಡಿ ಕಡೆಯ ಆತನ ಊರಿಗೆ ಹೋದರು ಎಂದು ಕೇಳಿದೆ. ಸೀರಿಯಲ್ಲೂ ಆಮೇಲೆ ಹೆಚ್ಚು ದಿನ ನಡೆಯಲಿಲ್ಲ. ಮಂತ್ರವಾದಿ ಬಂದು ಅಕ್ಕನನ್ನು ತೆಂಗಿನಕಾಯಿಯೊಳಗೆ ಕಟ್ಟಿಹಾಕಿದ, ತಂಗಿ ಗಂಡನ ಜೊತೆ ಸುಖವಾಗಿದ್ದಳು. ಬಸ್ಸಿನಲ್ಲಿ ಎಲ್ಲರಿಗೂ ಸಮಾಧಾನವಾಯಿತು.

ಐದಾರು ವರ್ಷದ ಮೇಲೆ ರಾಮನಗರದ ಬಸ್‌ಸ್ಟ್ಯಾಂಡಿನಲ್ಲಿ ಅವರು ಸಿಕ್ಕಿದರು. ಆಸ್ಪತ್ರೆಗೆ ಬಂದಿದ್ದರಂತೆ. ಮೈಯೆಲ್ಲ ಇಳಿದುಹೋಗಿತ್ತು, ನಾನು ಗುರುತು ಹಿಡಿಯುವಷ್ಟರಲ್ಲಿ ಅವರೇ ನನ್ನನ್ನು ಹಿಡಿದರು. ನನಗೆ ಮದುವೆಯಾಗಿದೆ, ಒಳ್ಳೆಯವನು ಎಂದೆ. ನನ್ನ ಮುಖವನ್ನೇ ನೋಡಿ, ನಿಜ ಎಂದು ಖಾತ್ರಿ ಮಾಡಿಕೊಂಡು ಸಂತೋಷಪಟ್ಟರು. ನಾನು ಗೇಟಿನ ದಿನದ ಬಗ್ಗೆ ಕ್ಷಮೆ ಕೇಳಲು ಬಾಯಿ ತೆರೆದರೆ ಅವರು ಅದನ್ನು ಕೇಳಲೇ ಇಲ್ಲ.

"ಆ ಕೂಸು ಹೆಂಗೈತೆ?" ಎಂದರು.

ನನಗೆ ಗೊತ್ತಿರಲಿಲ್ಲ.

"ಆ ಸೀರಿಯಲ್ಲಲ್ಲೂ ಒಂದು ಕೂಸಿತ್ತು ಕಣಮ್ಮಿ. ತೊಟ್ಲಲ್ಲಿ. ಗಂಡ, ಅತ್ತೆ, ಅಕ್ಕ, ತಂಗಿ ಅಂತ ಎಲ್ಲರ ಮುಖಾನೂ ನೋಡ್ದೆ, ಅದರ ಮುಖ ಒಂದಿನಾನೂ ನೋಡ್ಲಿಲ್ಲ. ನಿನ್ನ ಬುಡಿಸ್ದೆ ಅಂತ ಎದೆ ಉಬ್ಬಿಸ್ಕೊಂಡಿದ್ದೆ. ನೀನು ಹೋಗ್ದಿದ್ರೆ ಇನ್ನೊಬ್ಬಳು ಹೋಯ್ತಾಳೆ ಅನ್ನೋದು ಹೊಳೀಲಿಲ್ಲ."

ಮಾಗಡಿ ಬಸ್ಸು ಬಂತು. ಹತ್ತಿಸಿದೆ. ಕಿಟಕಿಯಿಂದ ಕೈಮಾಡಿ, ಬಿಸಿಲಲ್ಲಿ ನಿಲ್ಲಬೇಡ ಹೋಗು ಎಂದರು. ನಾಲ್ಕು ತಿಂಗಳ ನಂತರ, ಹಳೆಯ ಲೈನಿನವಳೊಬ್ಬಳು ಸಂತೆಯಲ್ಲಿ ಸಿಕ್ಕು, ಅವರು ತೀರಿಕೊಂಡರು ಎಂದಳು. ಹನ್ನೊಂದನೆಯ ದಿನದ ಕಾರ್ಯವೂ ಆಗಿಹೋಗಿತ್ತು. ಅಳಲು ಹೋಗುವುದಕ್ಕೆ ನನಗೆ ಯಾವ ಮನೆಯೂ ಇರಲಿಲ್ಲ. ಆ ಭಾನುವಾರ ಅಕ್ಕೂರಿಗೆ ಹೋದೆ.

ಭಾವ ಮಾರ್ಕೆಟ್ಟಿಗೆ ರೇಷ್ಮೆಗೂಡು ಹಾಕಲು ಹೋಗಿದ್ದ. ಬಾಗಿಲಲ್ಲಿ ಬಂದು ನಿಂತವಳು ನನಗಿಂತ ಚಿಕ್ಕವಳು. ಅವಳ ಸೆರಗು ಹಿಡಿದು ಹಿಂದೆ ಅವಿತಿದ್ದ ಏಳು ವರ್ಷದ ಹುಡುಗಿಗೆ ನನ್ನ ಅಕ್ಕನದೇ ಹಣೆ. ನಾನು ಯಾರೆಂದು ಹೇಳಿದೆ. ಹುಡುಗಿ ನನ್ನ ಹತ್ತಿರ ಬರಲಿಲ್ಲ. ಬರಬೇಕೆಂದು ಕೇಳುವ ಹಕ್ಕೂ ನನಗಿರಲಿಲ್ಲ. ಅವಳನ್ನು ನೀರು ತರಲು ಒಳಗೆ ಕಳಿಸಿ, ಆ ಹೆಂಗಸು ಸಣ್ಣ ದನಿಯಲ್ಲಿ ಕೇಳಿದಳು:

"ನಿಮ್ಮಕ್ಕಂಗೂ ಹೊಡೀತಿದ್ರಾ?"

ಹೂಂ ಎಂದೆ. ಆರು ವರ್ಷದ ಹಿಂದೆ ಹೇಳಿ ಕಳಿಸಬೇಕಾಗಿದ್ದ ಒಂದು ಅಕ್ಷರ. ಅವಳಿಗೆ ತಾನು ಮಾಡಿದ ಯಾವುದೋ ತಪ್ಪಿನಿಂದಲೇ ಹೀಗೆ ಎಂದು ಇಷ್ಟು ದಿನ ಅನಿಸಿತ್ತಂತೆ. ಹಾಗಲ್ಲ ಎಂದು ಗೊತ್ತಾಗಿ ಗೊಳೋ ಎಂದು ಅತ್ತಳು. ತವರಿಗೆ ಹೇಳಲಿಲ್ಲವೇ ಎಂದೆ. "ಹೇಳಿದ್ರೆ ಅಪ್ಪ ಕರ್ಕೊಂಡ್ ಹೋಗ್ಬುಡ್ತಾನೆ. ಇವಳ್ನ ಬುಟ್ಟು ಹೆಂಗಕ್ಕ ಹೋಗ್ಲಿ?" ಎಂದಳು. ತವರು ಉಯ್ಯಂಬಳ್ಳಿ.

ಅಲ್ಲಿಗೆ ಹೋಗಿ ಹೇಳುವುದಕ್ಕೆ ನನಗೆ ಭಯವಿತ್ತು. ಬೇರೆಯವರ ಮನೆಯ ವಿಷಯ, ನನ್ನ ಗಂಡನೂ ಬೇಡ ಎಂದ. ಆದರೆ ಚೆಕ್ಕರಮ್ಮ ನನಗಾಗಿ ಬಂದದ್ದು ಎಂಥ ಮನೆಯಿಂದ, ಹಿಂತಿರುಗಿದ್ದು ಎಂಥ ಮನೆಗೆ ಎಂದು ನೆನೆದರೆ ನನ್ನ ಭಯಕ್ಕೆ ಮರ್ಯಾದೆ ಉಳಿಯುತ್ತಿರಲಿಲ್ಲ. ಮುಂದಿನ ಭಾನುವಾರ ಬೆಳಿಗ್ಗೆ ಉಯ್ಯಂಬಳ್ಳಿಗೆ ಹೋದೆ. ಅವಳ ಅಪ್ಪ ಜಗಲಿಯ ಮೇಲೆ ಕೂತು ಹುರುಳಿ ಕೇರುತ್ತಿದ್ದರು. ಅಕ್ಕನ ಬಾವಿಯಿಂದ ಹಿಡಿದು ಎಲ್ಲವನ್ನೂ ಹೇಳಿದೆ, ಅವಳೊಬ್ಬಳೇ ಬರುವುದಿಲ್ಲ, ಮಗುವೂ ಬರಬೇಕು ಎಂದೂ ಹೇಳಿದೆ.

ಅವರು ಮೊರವನ್ನು ಕೆಳಗಿಟ್ಟರು. ಒಳಗೆ ಹೋಗಿ ಅಂಗಿ ಹಾಕಿಕೊಂಡು, ಟವೆಲ್ಲು ಹೆಗಲಿಗೆ ಎಸೆದುಕೊಂಡು ಬಂದು ಚಪ್ಪಲಿ ಮೆಟ್ಟಿದರು.

"ಇಬ್ರನ್ನೂ ಕರ್ಕೊಂಡ್ ಬರಾಣ. ಅಕ್ಕೂರಿಗೆ ಈಗ ಯಾವ ಬಸ್ಸೈತವ್ವ?" ಎಂದು ಕೇಳಿದರು.