ಬೆಟ್ಟ ಕಾಣುವ ಹಿತ್ತಲು

ಮಹಾರಾಜರು ಊರೂರಿಗೆ ಸ್ಕೂಲು ಕಟ್ಟಿಸಿದ್ದೇ ತಮಗೆ ಬೆಟ್ಟ ಹತ್ತಲು ಅನುಕೂಲವಾಗಲಿ ಅಂತ ಎಂಬುದು ಕಾಡಸಿದ್ದಪ್ಪ ಮೇಷ್ಟ್ರ ನಂಬಿಕೆ. ಚನ್ನರಾಯನದುರ್ಗ, ಪಾವಗಡ, ಈಗ ಮಧುಗಿರಿ ಎಂದು ಬೆಟ್ಟವಿರುವ ಊರುಗಳನ್ನೇ ಕೇಳಿ ಕೇಳಿ ವರ್ಗ ಮಾಡಿಸಿಕೊಂಡರು. ಬಯಲಿನ ಶಿರಾಕ್ಕೆ ಹಾಕುತ್ತಾರೆಂದು ಕೇಳಿದ ದಿನವೇ ಜ್ವರ ಬಂತು. ಬಾಡಿಗೆ ಮನೆ ನೋಡಲು ಹೋದರೆ ಬಾವಿ ಎಲ್ಲಿ, ಸೂರು ಸೋರುತ್ತದೆಯೇ ಎಂದು ಕೇಳುವವರಲ್ಲ. ನೆಟ್ಟಗೆ ಹಿತ್ತಲಿಗೆ ನಡೆದು, ಬೆಟ್ಟ ಕಂಡರೆ ಒಪ್ಪಿಬಿಡುವವರು. ಒಳಗೆ ಚೇಳು ಹರಿದರೂ "ಬೆಟ್ಟದ್ದು ಕಣೇ, ಪಾಪ" ಎಂದು ಹೆಂಡತಿಗೆ ಹೇಳುತ್ತಾರೆ. ದೂರದ ಬೆಟ್ಟ ನುಣ್ಣಗೆ ಎಂದು ಯಾರಾದರೂ ಅಂದರೆ, "ನಮ್ಮದು ಹತ್ರ ಹೋದ್ರೂ ನುಣ್ಣಗೇ ಅದೆ, ಕಾಲೇ ನಿಲ್ಲಾಕಿಲ್ಲ" ಎಂದು ಮೀಸೆ ತಿರುವುತ್ತಾರೆ. "ಅಂಗಾದ್ರೆ ಆ ಬೆಟ್ಟಕ್ಕೇ ತಾಳಿ ಕಟ್ಬೇಕಿತ್ತು, ನನಗ್ಯಾಕೆ ಕಟ್ಟಿದ್ರಿ?" ಎಂದು ದೂರದ ಬಾವಿಯಿಂದ ನೀರು ಹೊರುವ ಹೆಂಡತಿ ಶಿವರುದ್ರಮ್ಮ ದಿನವೂ ಗೊಣಗುತ್ತಾರೆ. ಮೊನ್ನೆ ಮೋಡವಿತ್ತೆಂದು ಆಕೆ ದಿನವೂ ಹಿತ್ತಲಲ್ಲಿ ಒಣಹಾಕುವ ತಮ್ಮ ಕೆಂಪು ಸೀರೆಯನ್ನು ಒಳಗೆ ಹರವಿದರು. ಬೆಳಿಗ್ಗೆಯೇ ಬೆಟ್ಟ ಹತ್ತಿದ್ದ ಮೇಷ್ಟ್ರು ಮೊಣಕಾಲು ತರಚಿಕೊಂಡು, ತಲೆಯ ಮೇಲೆ ಪೇಟವಿಲ್ಲದೆ ಓಡಿಬಂದು ಬಾಗಿಲಲ್ಲಿ ಏದುಸಿರು ಬಿಟ್ಟರು: "ಮೇಲಿಂದ ದಿನಾ ಕಾಣೋ ಸೀರೆ ಇವತ್ತು ಕಾಣ್ಲಿಲ್ಲ ಕಣೇ. ನಿಂಗೇನಾಯ್ತೋ ಅಂತ ಬಂದ್ಬುಟ್ಟೆ." ಶಿವರುದ್ರಮ್ಮ ಗೊಣಗುವುದನ್ನು ಇನ್ನೂ ಬಿಟ್ಟಿಲ್ಲ, ಆದರೆ ಈಗ ಒಣಗಿದ ಸೀರೆಯನ್ನೂ ಹಿತ್ತಲಲ್ಲೇ ಹರವುತ್ತಾರೆ.