ಬಾಗಿಲು ಕಳೆದುಕೊಂಡ ಚಾಚಿ

ಇಂಡಿ ಊರಿನಲ್ಲಿ ನಮ್ಮ ಪಕ್ಕದ ಬಾಡಿಗೆ ಮನೆಯಲ್ಲಿ ಹಳೆ ಬಟ್ಟೆ ಜೋಡಿಸಿ ಹೊದಿಯುವ ಕೌದಿ ಹೊಲಿಯುವ ವಿಧವೆಯೊಬ್ಬರಿದ್ದರು. ಓಣಿಯವರೆಲ್ಲ ಅವರನ್ನು ಚಾಚಿ ಎನ್ನುತ್ತಿದ್ದೆವು. ಯಾರಾದರೂ ಮಾತಿಗೆ ಬಂದರೆ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು, ಬಂದವರು ಹೇಳಿ ಮುಗಿಸುವವರೆಗೆ ಕೇಳುತ್ತಿದ್ದರು. ಬಾಡಿಗೆಯನ್ನು ತಪ್ಪದೆ, ಅದೂ ನಾಲ್ಕು ಜನರ ಎದುರಿಗೇ ಕೊಡುತ್ತಿದ್ದರು. "ಬಾಡಿಗಿ ಮನ್ಯಾಗ ಇರೋರಿಗೆ ಸಾಕ್ಷಿನ ಗ್ವಾಡಿ ಇದ್ದಂಗ" ಎನ್ನುವುದು ಅವರ ಮಾತು.

ಮಾಲಕರಿಗೆ ಆ ಮನೆಯನ್ನು ಹತ್ತಿಯ ಗೋದಾಮು ಮಾಡುವ ಆಸೆ ಹುಟ್ಟಿತು. ಬಿಡಲು ಹೇಳಿದರು, ಚಾಚಿ ಒಪ್ಪಲಿಲ್ಲ. ಒಂದು ಬೆಳಿಗ್ಗೆ ಚಾಚಿ ನೀರಿಗೆ ಹೋದಾಗ ಆಳುಗಳಿಂದ ಬಾಗಿಲನ್ನೇ ಕಳಚಿಸಿ ಒಯ್ದರು.

ಚಾಚಿ ಕೊಡ ಇಳಿಸಿ ಬರಿದಾದ ಚೌಕಟ್ಟನ್ನು ನೋಡಿದರು. ಆಮೇಲೆ ಅಲ್ಲಿ ಒಂದು ಕೌದಿ ತೂಗುಹಾಕಿ, ಇನ್ನೊಂದನ್ನು ಹೊಲಿಯುತ್ತ ಹೊಸ್ತಿಲಲ್ಲಿ ಕೂತರು. ನಮ್ಮವ್ವ ಸೂಜಿ ಹಿಡಿದು ಜೊತೆಗೆ ಕೂತಳು. ಒಬ್ಬೊಬ್ಬರಾಗಿ ಓಣಿಯ ಹೆಂಗಸರೆಲ್ಲ ಬಂದರು.

ಸಂಜೆ ಮಾಲಕರು ಬಂದು, "ಮನಿ ನಂದೈತಿ, ಏಳವಾ" ಎಂದರು.

"ನಿಮ್ದ ಐತ್ರಿ ಸಾವಕಾರ್ರ, ಇಲ್ಲಂತ ನಾ ಯಾವಾಗ ಅಂದೇನಿ? ಕೋರ್ಟಿಗೆ ಹೋಗ್ರಿ. ಅವರು ಏಳಂದ್ರ ಏಳ್ತೇನಿ. ಬಾಡಿಗಿ ತಪ್ಪಿಸಿಲ್ಲಂತ ಇವರೆಲ್ಲಾ ಬಂದು ಹೇಳ್ತಾರ."

ಹೆಂಗಸರು ಹೊಲಿಗೆಯಿಂದ ತಲೆ ಎತ್ತಲಿಲ್ಲ. ಮಾಲಕರು ಸಾಲಾಗಿ ಕೂತ ಅಷ್ಟೂ ಸಾಕ್ಷಿಗಳನ್ನು ಒಮ್ಮೆ ನೋಡಿ ಹೊರಟುಹೋದರು.

ಮರುದಿನ ತಾವೇ ಬಡಿಗನನ್ನು ಕರೆತಂದು, ಬಿಸಿಲಲ್ಲಿ ನಿಂತು ಬಾಗಿಲು ಕೂಡಿಸಿದರು. ಕೆಲಸ ಮುಗಿದಾಗ ಚಾಚಿ, "ಒಳಗ ಬರ್ರಿ, ಚಾ ಮಾಡೇನಿ" ಎಂದರು.

ಮಾಲಕರು ಚಪ್ಪಲಿ ಹೊರಗೆ ಬಿಟ್ಟು, ಬೇರೆಯವರ ಮನೆಗೆ ಬಂದವರ ಹಾಗೆ ಸಂಕೋಚದಿಂದ ತಲೆ ಬಗ್ಗಿಸಿ ಒಳಗೆ ಹೋದರು.