ಕುಲುಮೆಯಿಂದ ಬಂದ ಬೆಳ್ಳುಳ್ಳಿ ವಾಸನೆ

ಋತುಜಾಳ ಮನೆಯಲ್ಲಿ ಬೆಳ್ಳುಳ್ಳಿ ಎಂದೂ ಹೊಸ್ತಿಲು ದಾಟಿದ್ದಿಲ್ಲ. ಮಿರಜಿನ ಹತ್ತಿರದ ಆರಗ ಎಂಬ ಹಳ್ಳಿಯ ಜೈನರ ಮನೆ, ತಾಯಿ ಇಂದುಬಾಯಿಯದು ಬಲು ಕಟ್ಟುನಿಟ್ಟು. ಹೀಗಾಗಿ ಆ ವಾಸನೆ ಎಲ್ಲೇ ಎದ್ದರೂ ಮೊದಲು ಅವಳ ಮೂಗಿಗೇ ಹತ್ತುತ್ತಿತ್ತು.

ಅವಳು ಮಿರಜಿನ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದಳು. ಪಾಠ ಮುಗಿದ ಮೇಲೆ ಪ್ರಯೋಗಾಲಯದಲ್ಲಿ ಹರಳು ಬೆಳೆಸುವುದು ಅವಳ ಕೆಲಸ. ಕಬ್ಬಿಣ, ಬೇರಿಯಂ, ಆರ್ಸೆನಿಕ್ ಕೂಡಿ ಆದ ಹರಳು. ಅಭ್ರಕದಂತೆ ಪದರು ಪದರಾಗಿ ಬಿಚ್ಚುವಂಥದು. ಕಡು ಚಳಿಯಲ್ಲಿ ಅದರೊಳಗೆ ವಿದ್ಯುತ್ತು ಯಾವ ತಡೆಯೂ ಇಲ್ಲದೆ ಹರಿಯಬೇಕು. ಆದರೆ ತಣ್ಣಗಾಗುತ್ತಿದ್ದಂತೆ ಪದರಿನೊಳಗಿನ ಕಬ್ಬಿಣದ ಪರಮಾಣುಗಳು ಸಾಲುಗಟ್ಟಿ, ಒಂದು ಸಾಲಿನ ಕಾಂತ ಅತ್ತ, ಮುಂದಿನ ಸಾಲಿನದು ಇತ್ತ ಮುಖ ಮಾಡಿ ಬಿಗಿದು ನಿಂತು ಆ ಹರಿವಿಗೆ ಅಡ್ಡಿಯಾಗುತ್ತಿದ್ದವು. ಚೂರು ಕೋಬಾಲ್ಟ್ ಬೆರೆಸಿದರೆ ಆ ಬಿಗಿ ಸಡಿಲುತ್ತದೆ. ಎಷ್ಟು ಬೆರೆಸಬೇಕೆಂದು ಅವಳು ವರ್ಷಗಟ್ಟಲೆ ಹುಡುಕುತ್ತಿದ್ದಳು.

ಪ್ರಯೋಗಾಲಯದ ಜೊತೆಗಾರ ಸಿದ್ಧೇಶ್ವರ ಸಾಂಗ್ಲಿ ಪೇಟೆಯ ವ್ಯಾಪಾರಿಗಳ ಮನೆಯವನು, ಅವಸರದ ಮನುಷ್ಯ. ಆ ಮಧ್ಯಾಹ್ನ ಹರಳು ಬೆಳೆಸುವ ಕುಲುಮೆಯ ಬಿಸಿಯ ಅಂಕಿ ನೋಡಿ ಋತುಜಾ ಬೆಚ್ಚಿದಳು.

"ಸಿದ್ದು, ಉರಿ ಇಷ್ಟ್ ಲಗೂ ಯಾಕ ಏರಿಸೀದಿ? ಒಳಗಿನ ಗಾಜಿನ ನಳಗಿ ಒಡದೀತು."

"ಸೋಮವಾರಕ್ಕ ಹರಳ ಬೇಕಲ್ರಿ ಅಕ್ಕಾ. ಇಳಸ್ತೇನಿ, ನೀವು ಕ್ಲಾಸಿಗೆ ನಡೀರಿ."

ಅವನು ಇಳಿಸಲಿಲ್ಲ. ತರಗತಿ ಮುಗಿಸಿ ಮೆಟ್ಟಿಲು ಏರುವಾಗಲೇ ಅವಳಿಗೆ ಬೆಳ್ಳುಳ್ಳಿ ವಾಸನೆ ಬಂತು. ಸಿದ್ಧೇಶ್ವರ ಕುಲುಮೆಯ ಪಕ್ಕದಲ್ಲೇ ಕುಳಿತು ಏನೋ ಬರೆಯುತ್ತಿದ್ದ.

"ಕ್ಯಾಂಟೀನಿನ್ಯಾಗ ಒಗ್ಗರಣಿ ಹಾಕ್ಯಾರ ಕಾಣಸ್ತದ," ಎಂದ.

"ಒಗ್ಗರಣಿ ಅಲ್ಲ, ಆರ್ಸೆನಿಕ್ಕಿನ ವಿಷದ ಹೊಗಿ. ಉಸಿರ ಹಿಡದು ಹೊರಗ ಬಾ."

ಕುಲುಮೆಯೊಳಗಿನ ಗಾಜಿನ ನಳಿಗೆ ಸೀಳಿತ್ತು. ಅವಳು ಹೊರಗಿನ ಮೇನ್ ಸ್ವಿಚ್ ಇಳಿಸಿ, ಎಲ್ಲರನ್ನೂ ಅಂಗಳಕ್ಕೆ ಅಟ್ಟಿದಳು. ಅಲ್ಲಿ ಸಿದ್ಧೇಶ್ವರ ಗೋಡೆ ಹಿಡಿದು ವಾಂತಿ ಮಾಡಿಕೊಂಡ. ಆಸ್ಪತ್ರೆಯಿಂದ ಬೇಗ ಬಿಟ್ಟರು. ಅವನು ನಗುನಗುತ್ತಲೇ ಮನೆಗೆ ಹೋದ.

ಕೆಲವು ವಾರ ಏನೂ ಆಗಲಿಲ್ಲ. ಆಮೇಲೊಂದು ದಿನ ಸಾಂಗ್ಲಿವಾಡಿಯ ಸೇತುವೆ ದಾಟುವಾಗ ಅವನ ಚಪ್ಪಲಿ ಕಳಚಿತು. ಬಿಸಿಲಲ್ಲಿ ಬರಿಗಾಲಲ್ಲಿ ನಡೆಯುತ್ತಿದ್ದೇನೆಂಬುದೇ ಅವನಿಗೆ ತಿಳಿಯಲಿಲ್ಲ. ಹಿಂದಿನಿಂದ ಯಾರೋ ಕೂಗಿ ಹೇಳಿದರು. ಜೋಮು ಪಾದದಿಂದ ಮೇಲೇರಿತು. ಕೊನೆಗೆ ಬೆರಳುಗಳಿಗೂ ಬಂತು.

ಅಷ್ಟರಲ್ಲಿ, ಅಳೆಯಲೆಂದು ಬೇರೆ ಊರಿಗೆ ಕಳಿಸಿದ್ದ ಹಳೆಯ ಹರಳು ಫಲ ಕೊಟ್ಟಿತ್ತು. ಕಾಂತದ ಸಾಲು ಅಳಿದು, ವಿದ್ಯುತ್ತು ತಡೆಯಿಲ್ಲದೆ ಹರಿದಿತ್ತು. ಮರಳಿ ಬಂದ ಅದನ್ನು ಋತುಜಾ ಪುಟ್ಟ ಡಬ್ಬಿಯಲ್ಲಿ ಹಾಕಿಕೊಂಡು ಅವನ ಮನೆಗೆ ಹೋದಳು. ಏನೋ ತಂದಿದ್ದೇನೆ ಎಂದಾಗ ಅವನು ಹುಡುಗರಂತೆ ಕಣ್ಣು ಮುಚ್ಚಿ ಕೈ ಚಾಚಿದ. ಅವಳು ಡಬ್ಬಿಯನ್ನು ಅಂಗೈ ಮೇಲಿಟ್ಟಳು.

ಕಣ್ಣು ತೆರೆಯದೆ ಕಾದು ಅವನು ಕೇಳಿದ: "ಇಟ್ಟೀರೇನ್ರಿ ಅಕ್ಕಾ?"

ವಿಷ ನರಗಳಿಗೆ ತಾಕಿದೆ, ಹುಷಾರಾಗಬಹುದು, ಆಗದೆಯೂ ಇರಬಹುದು ಎಂದಿದ್ದರು ಡಾಕ್ಟರು. ಆರಗದ ಬಸ್ಸಿನಲ್ಲಿ ಋತುಜಾ ಚಪ್ಪಲಿ ಬಿಟ್ಟು, ಅಂಗಾಲನ್ನು ತಗಡಿನ ನೆಲಕ್ಕೆ ಮತ್ತೆ ಮತ್ತೆ ಒತ್ತಿ ನೋಡಿದಳು. ನೆಲ ಬೆಚ್ಚಗಿತ್ತು. ಎಡಗಾಲಿನ ಕಿರುಬೆರಳೊಂದಕ್ಕೆ ಮಾತ್ರ ಅದು ತಾಕಿತೋ ಇಲ್ಲವೋ ಅವಳಿಗೆ ಖಾತ್ರಿಯಾಗಲಿಲ್ಲ.